ನೋಡ್ ಆ್ಯಪ್ ಕಂಟೈನರ್‌ನೊಳಗೆ: ಇಮೇಜ್ ಕಟ್ಟಿದ ಮೇಲೆ ಶುರುವಾಗುವ ಕೆಲಸ

ಜಾವಾಸ್ಕ್ರಿಪ್ಟನ್ನು ಸರ್ವರ್‌ನಲ್ಲಿ ಓಡಿಸುವ ನೋಡ್‌ಜೆಎಸ್‌ನಲ್ಲಿ ಬರೆದ ಆ್ಯಪ್ ಒಂದನ್ನು ಡಾಕರ್ ಎಂಬ ಸಾಧನದಿಂದ ಕಂಟೈನರ್‌ಗೆ ಹಾಕಲು ಹತ್ತು ಸಾಲಿನ ಡಾಕರ್‌ಫೈಲ್ ಸಾಕು. ಆ್ಯಪ್ ಮತ್ತು ಅದಕ್ಕೆ ಬೇಕಾದದ್ದೆಲ್ಲ ಸೇರಿದ ಇಮೇಜ್ ಅನ್ನು ಹೇಗೆ ಕಟ್ಟಬೇಕು ಎಂಬ ಸೂಚನೆಗಳ ಕಡತ ಅದು. ಲ್ಯಾಪ್‌ಟಾಪ್‌ನಲ್ಲಿ ಆ್ಯಪ್ ಮೊದಲ ಸಲವೇ ಓಡುತ್ತದೆ. ಆಮೇಲೆ ನಡೆಯುವ ಚರ್ಚೆಯೆಲ್ಲ ಇಮೇಜ್ ಎಷ್ಟು ಎಂಬಿ ಆಯಿತು, ಇನ್ನೂ ಎಷ್ಟು ಇಳಿಸಬಹುದು ಎಂಬುದರ ಸುತ್ತಲೇ. ಆದರೆ ಪ್ರೊಡಕ್ಷನ್‌ನಲ್ಲಿ ಆ್ಯಪ್ ಕೈಕೊಡುವುದು ಇಮೇಜ್ ದೊಡ್ಡದಾಯಿತು ಎಂಬ ಕಾರಣಕ್ಕೆ ಅಲ್ಲ. ಹೊಸ ಆವೃತ್ತಿ ಹಾಕುವಾಗಲೆಲ್ಲ ನಾಲ್ಕಾರು ರಿಕ್ವೆಸ್ಟ್‌ಗಳು ಕತ್ತರಿಸಿಹೋಗುತ್ತವೆ. ಲಾಗ್‌ನಲ್ಲಿ ಒಂದಕ್ಷರವೂ ಇಲ್ಲದೆ ಕಂಟೈನರ್ ಸಾಯುತ್ತದೆ. ಸಿಪಿಯು ಗ್ರಾಫ್ ತಣ್ಣಗಿದ್ದರೂ ಉತ್ತರ ನಿಧಾನವಾಗುತ್ತದೆ. ಈ ಮೂರಕ್ಕೂ ಮೂಲ ಒಂದೇ.

ಕಂಟೈನರ್ ಎಂದರೆ ಪುಟ್ಟ ವರ್ಚುವಲ್ ಮಷೀನ್ ಅಲ್ಲ. ಅದು ಆತಿಥೇಯ ಯಂತ್ರದ ಲಿನಕ್ಸ್ ಕರ್ನಲ್ ಮೇಲೆಯೇ ಓಡುವ ಸಾಮಾನ್ಯ ಪ್ರೊಸೆಸ್. ಅದಕ್ಕೆ ಏನೇನು ಕಾಣಬೇಕು ಎಂಬುದನ್ನು ನೇಮ್‌ಸ್ಪೇಸ್‌ಗಳು ತೀರ್ಮಾನಿಸುತ್ತವೆ. ಎಷ್ಟು ಬಳಸಬಹುದು ಎಂಬುದನ್ನು ಸಿಗ್ರೂಪ್ ತೀರ್ಮಾನಿಸುತ್ತದೆ. ತೊಂದರೆ ಇರುವುದು ಇವೆರಡರ ನಡುವೆ: ಕಾಣುವುದಕ್ಕೂ ಸಿಗುವುದಕ್ಕೂ ತಾಳೆಯಾಗುವುದಿಲ್ಲ. 32 ಕೋರ್‌ಗಳ ಯಂತ್ರದಲ್ಲಿ ಅರ್ಧ ಕೋರ್ ಮಾತ್ರ ಕೊಟ್ಟು ಕೂರಿಸಿದ ಕಂಟೈನರ್‌ನೊಳಗೆ ನಿಂತು ನೋಡ್‌ನ ಓಎಸ್ ಮಾಡ್ಯೂಲ್‌ಗೆ ಸಿಪಿಯು ಎಷ್ಟಿವೆ ಎಂದು ಕೇಳಿದರೆ 32 ಎಂದೇ ಹೇಳುತ್ತದೆ. ನೋಡ್ 2009ರಲ್ಲಿ ಬಂತು, ಡಾಕರ್ 2013ರಲ್ಲಿ. ಇಡೀ ಯಂತ್ರ ತನ್ನದೇ ಎಂಬ ಎಣಿಕೆಯಲ್ಲಿ ಬೆಳೆದ ರನ್‌ಟೈಮ್‌ಗೆ ನಿನ್ನ ಪಾಲು ಇಷ್ಟೇ ಎಂದು ನಾವೇ ತಿಳಿಸಿ ಹೇಳಬೇಕಾಗುತ್ತದೆ.

ಇಮೇಜ್: ಬೇಗ ಮುಗಿಸಬಹುದಾದ ಭಾಗ

ಬೇಸ್ ಇಮೇಜ್ ಆಯ್ಕೆಯಿಂದ ಆರಂಭಿಸೋಣ. ನೋಡ್‌ನ ಅಧಿಕೃತ ಇಮೇಜ್ ಮುಖ್ಯವಾಗಿ ಮೂರು ರೂಪದಲ್ಲಿ ಸಿಗುತ್ತದೆ. ಡೆಬಿಯನ್ ಆಧಾರದ ಪೂರ್ತಿ ಇಮೇಜ್ ಬಿಚ್ಚಿಕೊಂಡಾಗ 1 ಜಿಬಿಯ ಆಸುಪಾಸಿಗೆ ಬರುತ್ತದೆ. ಅದರ ಸ್ಲಿಮ್ ರೂಪ 200 ಎಂಬಿ ಚಿಲ್ಲರೆ, ಆಲ್ಪೈನ್ ಇನ್ನೂ ಚಿಕ್ಕದು. ಕಣ್ಣು ಸಹಜವಾಗಿ ಆಲ್ಪೈನ್ ಕಡೆ ಹೋಗುತ್ತದೆ. ಆದರೆ ಆಲ್ಪೈನ್‌ನಲ್ಲಿರುವ ಸಿ ಲೈಬ್ರರಿ ಜಿಲಿಬ್‌ಸಿ ಅಲ್ಲ, ಮಸಲ್. ನೇಟಿವ್ ಕೋಡ್ ಇರುವ ಪ್ಯಾಕೇಜ್‌ಗಳು ಮಸಲ್‌ಗೆಂದು ಮೊದಲೇ ಕಟ್ಟಿದ ಬೈನರಿ ಕೊಡದೇ ಇದ್ದರೆ, ಇನ್‌ಸ್ಟಾಲ್ ಹೊತ್ತಿನಲ್ಲಿ ಆ ಕೋಡನ್ನು ಕಂಪೈಲ್ ಮಾಡುವ ನೋಡ್-ಜಿಪ್ ಎದ್ದು ಕೂತು ಪೈಥಾನ್, ಮೇಕ್, ಸಿ++ ಕಂಪೈಲರ್ ಕೇಳುತ್ತದೆ. ಅವನ್ನೆಲ್ಲ ತುಂಬಿ, ಎರಡು ನಿಮಿಷದ ಬಿಲ್ಡ್ ಹತ್ತು ನಿಮಿಷವಾದರೆ ಉಳಿಸಿದ ಎಂಬಿಗೆ ಅರ್ಥವಿಲ್ಲ. ಬಲವಾದ ಕಾರಣವಿಲ್ಲದಿದ್ದರೆ ಸ್ಲಿಮ್ ಸಾಕು. ಟ್ಯಾಗ್‌ನಲ್ಲಿ ಲೇಟೆಸ್ಟ್ ಎಂದು ಬರೆಯದೆ, ಎಲ್‌ಟಿಎಸ್ (ದೀರ್ಘಕಾಲ ಬೆಂಬಲವಿರುವುದು) ಆಗಿರುವ ಸಮಸಂಖ್ಯೆಯ ಆವೃತ್ತಿಯನ್ನೇ ಹೆಸರಿಸಿ. 22ಕ್ಕೆ 2027ರ ಏಪ್ರಿಲ್‌ವರೆಗೆ ಬೆಂಬಲವಿದೆ.

ಡಾಕರ್‌ಫೈಲ್‌ನ ಸಾಲುಗಳ ಕ್ರಮದಲ್ಲೇ ಬಿಲ್ಡ್‌ನ ವೇಗ ಅಡಗಿದೆ. ಯಾವ ಪದರ ಬದಲಾಯಿತೋ ಅದರ ಕೆಳಗಿನ ಸಾಲುಗಳೆಲ್ಲ ಮತ್ತೆ ಓಡುತ್ತವೆ. ಹಾಗಾಗಿ ಮೊದಲು ಬೇಕಾದ ಪ್ಯಾಕೇಜ್‌ಗಳ ಪಟ್ಟಿಯಾದ ಪ್ಯಾಕೇಜ್ ಜೆಸಾನ್ ಮತ್ತು ಅವುಗಳ ನಿಖರ ಆವೃತ್ತಿ ಬರೆದಿಟ್ಟ ಲಾಕ್ ಕಡತ, ಇವೆರಡನ್ನು ಮಾತ್ರ ಕಾಪಿ ಮಾಡಿ. ಬಳಿಕ ನೋಡ್‌ನ ಪ್ಯಾಕೇಜ್ ಮ್ಯಾನೇಜರ್ ಆದ ಎನ್‌ಪಿಎಂನ ಸಿಐ ಆಜ್ಞೆ ಓಡಿಸಿ. ಉಳಿದ ಸೋರ್ಸ್ ಕೋಡ್ ಅದಾದ ಮೇಲೆ. ಒಂದು ಸೋರ್ಸ್ ಫೈಲ್‌ನಲ್ಲಿ ಅಲ್ಪವಿರಾಮ ಬದಲಿಸಿದ್ದಕ್ಕೆ ಇಡೀ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಮತ್ತೆ ಇಳಿಯುವುದು ಆಗ ತಪ್ಪುತ್ತದೆ. ಎನ್‌ಪಿಎಂ ಇನ್‌ಸ್ಟಾಲ್ ಬದಲು ಸಿಐ ಏಕೆಂದರೆ, ಲಾಕ್ ಕಡತಕ್ಕೂ ಪ್ಯಾಕೇಜ್ ಜೆಸಾನ್‌ಗೂ ಹೊಂದಿಕೆಯಾಗದಿದ್ದರೆ ಅದು ಅಲ್ಲೇ ನಿಲ್ಲುತ್ತದೆ, ಸದ್ದಿಲ್ಲದೆ ಬೇರೆ ಆವೃತ್ತಿ ತಂದಿಡುವುದಿಲ್ಲ.

ಟೈಪ್‌ಸ್ಕ್ರಿಪ್ಟ್ ಬಳಸುವವರು ಬಿಲ್ಡ್ ಅನ್ನು ಎರಡು ಹಂತವಾಗಿ ಒಡೆಯಬೇಕು: ಮೊದಲ ಹಂತದಲ್ಲಿ ಕಂಪೈಲರ್ ಸಮೇತ ಎಲ್ಲವೂ ಇರಲಿ; ಎರಡನೆಯದಕ್ಕೆ ಬರುವುದು ಕಂಪೈಲ್ ಆದ ಜಾವಾಸ್ಕ್ರಿಪ್ಟ್ ಮತ್ತು ಡೆವ್ ಪ್ಯಾಕೇಜ್‌ಗಳನ್ನು ಬಿಟ್ಟು ಇಳಿಸಿಕೊಂಡ ಮಾಡ್ಯೂಲ್‌ಗಳು ಮಾತ್ರ.

ಇಮೇಜ್‌ಗೆ ಏನೇನು ಸೇರಬಾರದು ಎಂದು ಹೇಳುವ ಡಾಕರ್‌ಇಗ್ನೋರ್ ಕಡತವನ್ನು ಮರೆತರೆ ಎರಡು ಅನಾಹುತ. ಮ್ಯಾಕ್‌ನಲ್ಲಿ ಇನ್‌ಸ್ಟಾಲ್ ಆದ ನೋಡ್ ಮಾಡ್ಯೂಲ್ಸ್ ಫೋಲ್ಡರ್ ಒಳಗಿನದನ್ನು ತುಳಿದು ಕೂರುತ್ತದೆ, ಆ್ಯಪ್ ಏಳುವಾಗ ಇನ್‌ವ್ಯಾಲಿಡ್ ಇಎಲ್‌ಎಫ್ ಹೆಡರ್ ಎಂಬ ದೋಷ ಬರುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು: ಪಾಸ್‌ವರ್ಡ್‌ಗಳಿರುವ ಡಾಟ್ ಎನ್ವ್ ಕಡತ ಇಮೇಜ್‌ನೊಳಗೆ ಸೇರಿ ರಿಜಿಸ್ಟ್ರಿಗೆ ಹೋಗುತ್ತದೆ. ಮುಂದಿನ ಸಾಲಿನಲ್ಲಿ ಅಳಿಸಿದರೂ ಹಿಂದಿನ ಪದರದಲ್ಲಿ ಅದು ಹಾಗೇ ಉಳಿದಿರುತ್ತದೆ. ಖಾಸಗಿ ಪ್ಯಾಕೇಜ್‌ಗಳ ಟೋಕನ್ ಬೇಕಿದ್ದರೆ ಡಾಕರ್‌ನ ಬಿಲ್ಡ್ ಎಂಜಿನ್ ಆದ ಬಿಲ್ಡ್‌ಕಿಟ್‌ನ ಸೀಕ್ರೆಟ್ ಮೌಂಟ್ ಬಳಸಿ. ಬಿಲ್ಡ್ ಆರ್ಗ್ಯುಮೆಂಟ್ ಆಗಿ ಕೊಟ್ಟರೆ ಅದು ಇಮೇಜ್‌ನ ಹಿಸ್ಟರಿಯಲ್ಲಿ ಕಾಣುತ್ತದೆ.

ಆ್ಯಪಲ್ ಸಿಲಿಕಾನ್ ಮ್ಯಾಕ್‌ನಲ್ಲಿ ಕಟ್ಟಿದ ಇಮೇಜ್ ಎಆರ್‌ಎಂ ಬಗೆಯದು. ಇಂಟೆಲ್ ಅಥವಾ ಎಎಂಡಿ ಸರ್ವರ್‌ನಲ್ಲಿ ಅದು ಎಕ್ಸೆಕ್ ಫಾರ್ಮ್ಯಾಟ್ ಎರರ್ ಎನ್ನುತ್ತದೆ. ಬಿಲ್ಡ್ ಮಾಡುವಾಗಲೇ ಪ್ಲಾಟ್‌ಫಾರ್ಮ್ ಹೇಳಿದರೆ ಮುಗಿಯಿತು.

ನಿಲ್ಲಿಸುವುದು ಓಡಿಸುವುದಕ್ಕಿಂತ ಕಷ್ಟ

ಡಾಕರ್ ಸ್ಟಾಪ್ ಎಂದೊಡನೆ ಕಂಟೈನರ್‌ನ ಪಿಐಡಿ 1ಕ್ಕೆ, ಅಂದರೆ ಒಳಗಿನ ಮೊದಲ ಪ್ರೊಸೆಸ್‌ಗೆ, ಸಿಗ್‌ಟರ್ಮ್ ಎಂಬ ಸಿಗ್ನಲ್ ಹೋಗುತ್ತದೆ. ಕೆಲಸ ಮುಗಿಸಿಕೊಂಡು ಹೊರಡು ಎಂಬ ಸೂಚನೆ ಅದು. 10 ಸೆಕೆಂಡ್ ಕಾದರೂ ಹೊರಡದಿದ್ದರೆ ಸಿಗ್‌ಕಿಲ್. ಹಲವು ಯಂತ್ರಗಳಲ್ಲಿ ಕಂಟೈನರ್‌ಗಳನ್ನು ನಿರ್ವಹಿಸುವ ಕುಬರ್ನೆಟಿಸ್‌ನಲ್ಲಿ ಈ ಗಡುವು ಹೇಳದಿದ್ದರೆ 30 ಸೆಕೆಂಡ್. ಸಿಗ್‌ಕಿಲ್ ಅನ್ನು ಯಾವ ಪ್ರೊಸೆಸ್ಸೂ ಹಿಡಿಯಲಾಗದು. ಅರ್ಧದಲ್ಲಿದ್ದ ರಿಕ್ವೆಸ್ಟ್, ಡೇಟಾಬೇಸ್ ವ್ಯವಹಾರ ಎಲ್ಲವೂ ಇದ್ದಲ್ಲೇ ಕತ್ತರಿಸಿಹೋಗುತ್ತವೆ.

ನೋಡ್ ಈ ಸಿಗ್‌ಟರ್ಮ್‌ಗೆ ಓಗೊಡದೇ ಇರಲು ಎರಡು ಬೇರೆ ಬೇರೆ ಕಾರಣಗಳಿವೆ. ಒಂದನ್ನು ಸರಿಪಡಿಸಿ ಎಲ್ಲ ಸರಿಯಾಯಿತು ಎಂದುಕೊಳ್ಳುವವರೇ ಹೆಚ್ಚು.

ಮೊದಲನೆಯದು, ಸಿಗ್ನಲ್ ನೋಡ್‌ವರೆಗೆ ತಲುಪುವುದೇ ಇಲ್ಲ. ಡಾಕರ್‌ಫೈಲ್‌ನ ಕಡೆಯ ಸಾಲಿನಲ್ಲಿ ಆಜ್ಞೆಯನ್ನು ಬರಿಯ ವಾಕ್ಯವಾಗಿ ಬರೆದರೆ ಡಾಕರ್ ಅದನ್ನು ಶೆಲ್ ಮೂಲಕ ಓಡಿಸುತ್ತದೆ. ಆಗ ಪಿಐಡಿ 1 ಶೆಲ್, ನೋಡ್ ಅದರ ಮಗು, ಮತ್ತು ಬಂದ ಸಿಗ್ನಲ್ ಅನ್ನು ಶೆಲ್ ಮಗುವಿಗೆ ದಾಟಿಸುವುದಿಲ್ಲ. ಕೆಲವು ಶೆಲ್‌ಗಳು ಕೆಲವೊಮ್ಮೆ ತಮ್ಮ ಜಾಗವನ್ನೇ ನೋಡ್‌ಗೆ ಬಿಟ್ಟುಕೊಡುತ್ತವೆ ನಿಜ, ಆದರೆ ಬೇಸ್ ಇಮೇಜ್ ಬದಲಾದೊಡನೆ ಕೈಬಿಡುವ ಇಂಥ ಉಪಕಾರವನ್ನು ನಂಬಿ ಕೂರಬಾರದು. ಎನ್‌ಪಿಎಂ ಸ್ಟಾರ್ಟ್ ಎಂದು ಬರೆದರೆ ನಡುವೆ ಎನ್‌ಪಿಎಂ ಒಂದು, ಅದರ ಶೆಲ್ ಇನ್ನೊಂದು. ಸಿಗ್ನಲ್ ದಾಟಿಸುವ ವಿಷಯದಲ್ಲಿ ಎನ್‌ಪಿಎಂನ ನಡತೆ ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತ ಬಂದಿದೆ, ಜೊತೆಗೆ ಸುಮ್ಮನೆ ಕೂತ ಆ ಪ್ರೊಸೆಸ್ ಒಂದಷ್ಟು ಎಂಬಿ ಮೆಮೊರಿಯನ್ನೂ ತಿನ್ನುತ್ತದೆ. ಪರಿಹಾರ ಸರಳ: ಆಜ್ಞೆಯನ್ನು ಜೆಸಾನ್ ಅರೇ ರೂಪದಲ್ಲಿ ಬರೆಯಿರಿ, ನೋಡ್ ಮತ್ತು ಕಡತದ ಹೆಸರನ್ನು ಬೇರೆ ಬೇರೆ ಉದ್ಧರಣ ಚಿಹ್ನೆಗಳೊಳಗೆ ಇಟ್ಟು. ಶುರುವಿನಲ್ಲಿ ಮೈಗ್ರೇಶನ್ ಓಡಿಸಲು ಶೆಲ್ ಸ್ಕ್ರಿಪ್ಟ್ ಬೇಕೇ ಬೇಕಿದ್ದರೆ, ಅದರ ಕೊನೆಯ ಸಾಲು ಎಕ್ಸೆಕ್ ಪದದಿಂದ ಆರಂಭವಾಗಲಿ. ಆಗ ಶೆಲ್ ಹೋಗಿ ಅದೇ ಪಿಐಡಿಯಲ್ಲಿ ನೋಡ್ ಬರುತ್ತದೆ.

ಎರಡನೆಯದು ಕರ್ನಲ್‌ನ ನಿಯಮ. ಸಾಮಾನ್ಯ ಪ್ರೊಸೆಸ್ ಒಂದಕ್ಕೆ ಸಿಗ್‌ಟರ್ಮ್ ಬಂದು, ಅದನ್ನು ಹಿಡಿಯುವ ಹ್ಯಾಂಡ್ಲರ್ ಇಲ್ಲದಿದ್ದರೆ ಪ್ರೊಸೆಸ್ ಸಾಯುತ್ತದೆ. ಪಿಐಡಿ 1ಕ್ಕೆ ಮಾತ್ರ ಈ ನಿಯಮ ಅನ್ವಯಿಸದು. ಅದು ವ್ಯವಸ್ಥೆಯ ಮೂಲ ಪ್ರೊಸೆಸ್ ಎಂದು ಕರ್ನಲ್ ಕಾಪಾಡುತ್ತದೆ. ಹ್ಯಾಂಡ್ಲರ್ ಇಲ್ಲದ ನೋಡ್ ಪಿಐಡಿ 1 ಆಗಿದ್ದರೆ ಸಿಗ್‌ಟರ್ಮ್ ಬಂದೂ ಬಾರದಂತೆ. ಡಾಕರ್ ರನ್ ಜೊತೆ ಇನಿಟ್ ಆಯ್ಕೆ ಕೊಟ್ಟರೆ ಟಿನಿ ಎಂಬ ಪುಟ್ಟ ಪ್ರೋಗ್ರಾಂ ಪಿಐಡಿ 1 ಆಗಿ ಕೂತು ಸಿಗ್ನಲ್‌ಗಳನ್ನು ದಾಟಿಸುತ್ತದೆ, ಸತ್ತ ಮಕ್ಕಳ ಪ್ರೊಸೆಸ್‌ಗಳನ್ನೂ ಗುಡಿಸುತ್ತದೆ. ಎಫ್‌ಎಫ್‌ಎಂಪೆಗ್, ಹೆಡ್‌ಲೆಸ್ ಕ್ರೋಮ್‌ನಂಥವನ್ನು ಆ್ಯಪ್ ಹುಟ್ಟಿಸುತ್ತಿದ್ದರೆ ಟಿನಿ ಇರಲೇಬೇಕು, ಇಲ್ಲದಿದ್ದರೆ ಜಾಂಬಿ ಪ್ರೊಸೆಸ್‌ಗಳು ಗುಡ್ಡೆ ಬೀಳುತ್ತವೆ. ಆದರೆ ಟಿನಿ ಇದ್ದ ಮಾತ್ರಕ್ಕೆ ಹ್ಯಾಂಡ್ಲರ್ ಬೇಡವೆಂದಲ್ಲ. ಟಿನಿಯಿಂದ ಆಗುವುದು ನೋಡ್ ತಕ್ಷಣ ಸಾಯುವುದು, ಅಷ್ಟೇ. ಕೈಯಲ್ಲಿದ್ದ ಕೆಲಸ ಮುಗಿಸಿ ಸಾಯಬೇಕಾದರೆ ಕೋಡ್ ಬರೆಯಲೇಬೇಕು.

ಪರೀಕ್ಷೆ ಸುಲಭ. ಡಾಕರ್ ಸ್ಟಾಪ್‌ಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಅಳೆಯಿರಿ. ಪ್ರತಿ ಸಲವೂ ಸರಿಯಾಗಿ 10 ಸೆಕೆಂಡ್ ತೆಗೆದುಕೊಂಡು, ಎಕ್ಸಿಟ್ ಕೋಡ್ 137 ಬಂದರೆ ನಿಮ್ಮ ಆ್ಯಪ್‌ಗೆ ಸಿಗ್ನಲ್ ಕೇಳಿಸುತ್ತಿಲ್ಲ.

ಹ್ಯಾಂಡ್ಲರ್‌ನೊಳಗೆ ಆಗಬೇಕಾದ ಕೆಲಸಕ್ಕೂ ಒಂದು ಕ್ರಮವಿದೆ. ಮೊದಲು ಸರ್ವರ್ ಕ್ಲೋಸ್ ಕರೆದು ಹೊಸ ಸಂಪರ್ಕಗಳನ್ನು ನಿಲ್ಲಿಸಬೇಕು. ಕೀಪ್-ಅಲೈವ್‌ನಲ್ಲಿ, ಅಂದರೆ ಮುಂದಿನ ರಿಕ್ವೆಸ್ಟ್‌ಗೆಂದು, ತೆರೆದುಕೊಂಡು ಸುಮ್ಮನೆ ಕೂತ ಸಂಪರ್ಕಗಳನ್ನು ಹಳೆಯ ನೋಡ್ ತಾನಾಗಿ ಮುಚ್ಚುತ್ತಿರಲಿಲ್ಲ, ಅವಕ್ಕಾಗಿ ಕಾಯುತ್ತ ಗಡುವು ದಾಟುತ್ತಿತ್ತು. 19ನೇ ಆವೃತ್ತಿಯಿಂದ ಕ್ಲೋಸ್ ಕರೆಯೇ ಅವನ್ನು ಮುಚ್ಚುತ್ತದೆ. ನಡೆಯುತ್ತಿದ್ದ ರಿಕ್ವೆಸ್ಟ್‌ಗಳು ಮುಗಿದ ಮೇಲೆ ಡೇಟಾಬೇಸ್ ಪೂಲ್, ಕ್ಯೂ ಸಂಪರ್ಕ ಮುಚ್ಚಿ. ಪೂಲ್ ಅನ್ನು ಮೊದಲೇ ಮುಚ್ಚಿದರೆ ನಡುವಿನ ರಿಕ್ವೆಸ್ಟ್‌ಗಳೆಲ್ಲ 500 ಉತ್ತರ ಕೊಡುತ್ತವೆ. ಇಷ್ಟೂ ಕೆಲಸಕ್ಕೆ ಒಂದು ಟೈಮರ್ ಹಾಕಿ, ಸಿಗ್‌ಕಿಲ್‌ನ ಗಡುವಿಗಿಂತ ಮೊದಲೇ, ಉದಾಹರಣೆಗೆ ಕುಬರ್ನೆಟಿಸ್‌ನ 30ಕ್ಕೆ 20 ಸೆಕೆಂಡ್‌ನಲ್ಲಿ, ಮುಗಿಯದಿದ್ದರೆ ತಾನೇ ಹೊರಬೀಳುವಂತೆ ಮಾಡಿ.

ಕುಬರ್ನೆಟಿಸ್‌ನಲ್ಲಿ ಇನ್ನೊಂದು ಗಂಟಿದೆ. ಪಾಡ್ (ಒಟ್ಟಿಗೆ ಓಡುವ ಕಂಟೈನರ್‌ಗಳ ಘಟಕ) ಅಳಿಸಿದಾಗ ಸಿಗ್‌ಟರ್ಮ್ ಕಳಿಸುವುದೂ, ಆ ಪಾಡ್‌ಗೆ ಟ್ರಾಫಿಕ್ ಕಳಿಸಬೇಡಿ ಎಂಬ ಸುದ್ದಿ ಎಲ್ಲ ಕಡೆ ಹರಡುವುದೂ ಏಕಕಾಲಕ್ಕೆ ಶುರುವಾಗುತ್ತವೆ. ಸುದ್ದಿ ತಲುಪುವ ಮೊದಲೇ ನೋಡ್ ಬಾಗಿಲು ಹಾಕಿಕೊಂಡರೆ ನಡುವಿನ ಒಂದೆರಡು ಸೆಕೆಂಡ್ ಬಂದ ರಿಕ್ವೆಸ್ಟ್‌ಗಳಿಗೆ ಸಂಪರ್ಕ ನಿರಾಕರಣೆಯೇ ಗತಿ. ಅದಕ್ಕೇ ಪ್ರೀ-ಸ್ಟಾಪ್ ಹುಕ್‌ನಲ್ಲಿ 5 ಸೆಕೆಂಡ್ ಸುಮ್ಮನೆ ಮಲಗಿಸುವ ರೂಢಿ. ನೋಡಲು ಜುಗಾಡ್‌ನಂತಿದ್ದರೂ ಇದು ಸರಿಯಾದ ಉಪಾಯ. ಆ 5 ಸೆಕೆಂಡ್ 30ರ ಗಡುವಿನೊಳಗೇ ಲೆಕ್ಕವಾಗುತ್ತದೆ ಎಂಬುದು ನೆನಪಿರಲಿ.

ರಿಕ್ವೆಸ್ಟ್‌ಗಳನ್ನು ಸರ್ವರ್‌ಗಳಿಗೆ ಹಂಚುವ ಲೋಡ್ ಬ್ಯಾಲೆನ್ಸರ್ ಹಿಂದಿರುವವರು ಕೀಪ್-ಅಲೈವ್ ಗಡುವನ್ನೂ ನೋಡಬೇಕು. ನೋಡ್‌ನ ಎಚ್‌ಟಿಟಿಪಿ ಸರ್ವರ್ ಖಾಲಿ ಕೂತ ಸಂಪರ್ಕವನ್ನು 5 ಸೆಕೆಂಡ್‌ಗೆ ಮುಚ್ಚುತ್ತದೆ. ಅಮೆಜಾನ್‌ನ ಕ್ಲೌಡ್ ಸೇವೆ ಎಡಬ್ಲ್ಯುಎಸ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ 60 ಸೆಕೆಂಡ್ ಇಟ್ಟುಕೊಳ್ಳುತ್ತದೆ. ಅತ್ತ ಬ್ಯಾಲೆನ್ಸರ್ ಹಳೆಯ ಸಂಪರ್ಕದಲ್ಲಿ ರಿಕ್ವೆಸ್ಟ್ ಕಳಿಸುವ ಕ್ಷಣಕ್ಕೇ ಇತ್ತ ನೋಡ್ ಅದನ್ನು ಮುಚ್ಚಿದರೆ ಗ್ರಾಹಕನಿಗೆ 502. ಆ್ಯಪ್ ಲಾಗ್‌ನಲ್ಲಿ ಏನೂ ಇರುವುದಿಲ್ಲ, ಏಕೆಂದರೆ ರಿಕ್ವೆಸ್ಟ್ ಆ್ಯಪ್ ಮುಟ್ಟಲೇ ಇಲ್ಲ. ನೋಡ್ ಕಡೆಯ ಗಡುವನ್ನು 65 ಸೆಕೆಂಡ್‌ಗೆ ಏರಿಸಿ.

ಮೆಮೊರಿ: ಎರಡು ಗೋಡೆಗಳ ಲೆಕ್ಕ

ನೋಡ್ ಕಂಟೈನರ್‌ಗೆ ಮೆಮೊರಿಯ ಗೋಡೆ ಒಂದಲ್ಲ, ಎರಡು. ಒಳಗಿನದು ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್‌ನ ಹೀಪ್ ಮಿತಿ; ಹೀಪ್ ಎಂದರೆ ಜಾವಾಸ್ಕ್ರಿಪ್ಟ್ ಆಬ್ಜೆಕ್ಟ್‌ಗಳು ಕೂರುವ ಮೆಮೊರಿ. ಅದನ್ನು ಮುಟ್ಟಿದರೆ ಜಾವಾಸ್ಕ್ರಿಪ್ಟ್ ಹೀಪ್ ಔಟ್ ಆಫ್ ಮೆಮೊರಿ ಎಂಬ ಸಂದೇಶ, ಸ್ಟ್ಯಾಕ್ ಟ್ರೇಸ್, ಎಕ್ಸಿಟ್ ಕೋಡ್ 134. ಹೊರಗಿನದು ಸಿಗ್ರೂಪ್ ಮಿತಿ. ಅದನ್ನು ಮುಟ್ಟಿದರೆ ಕರ್ನಲ್ ನೇರ ಸಿಗ್‌ಕಿಲ್ ಕೊಡುತ್ತದೆ: ಸಂದೇಶವಿಲ್ಲ, ಟ್ರೇಸ್ ಇಲ್ಲ, ಕೋಡ್ 137. ಸಾಯುವುದೇ ಆದರೆ ಒಳಗಿನ ಗೋಡೆಗೆ ಬಡಿದು ಸಾಯುವುದು ಮೇಲು, ಕಾರಣವಾದರೂ ಬರೆದಿಟ್ಟು ಹೋಗುತ್ತದೆ.

ಅದಕ್ಕೆ ಒಳಗಿನ ಗೋಡೆ ಹೊರಗಿನದಕ್ಕಿಂತ ಸಾಕಷ್ಟು ಈಚೆ ಇರಬೇಕು. ಈಗಿನ ನೋಡ್ ಸಿಗ್ರೂಪ್ ಮಿತಿಯನ್ನು ಓದಿ ತಕ್ಕಮಟ್ಟಿಗೆ ಹೊಂದಿಕೊಳ್ಳುತ್ತದೆ. ಹಳೆಯ ಆವೃತ್ತಿಗಳಿಗೆ ಸಿಗ್ರೂಪ್‌ನ 2ನೇ ಆವೃತ್ತಿ ಓದಲು ಬರುತ್ತಿರಲಿಲ್ಲ. ಆತಿಥೇಯ ಯಂತ್ರದ ಲಿನಕ್ಸ್ ಹೊಸದಾದೊಡನೆ ಅವು 512 ಎಂಬಿ ಕಂಟೈನರ್‌ನಲ್ಲಿ ಕೂತು ಇಡೀ ಯಂತ್ರದ ಮೆಮೊರಿ ಲೆಕ್ಕ ಹಾಕುತ್ತಿದ್ದವು. ಮಿತಿ ದೂರ ಇದೆ ಎಂದು ಕಂಡಾಗ ಬಳಕೆ ಮುಗಿದ ಮೆಮೊರಿಯನ್ನು ಬಿಡಿಸುವ ವಿ8ನ ಗಾರ್ಬೇಜ್ ಕಲೆಕ್ಟರ್‌ಗೆ ಅವಸರವೂ ಇರುವುದಿಲ್ಲ. ಸೋರಿಕೆ ಇಲ್ಲದ ಆ್ಯಪ್ ಕೂಡ ಕಸ ತುಂಬಿಕೊಂಡು ಸಿಗ್ರೂಪ್ ಗೋಡೆಗೆ ಬಡಿಯುವುದು ಹೀಗೆ. ಆವೃತ್ತಿ ಯಾವುದೇ ಇರಲಿ, ಮ್ಯಾಕ್ಸ್-ಓಲ್ಡ್-ಸ್ಪೇಸ್-ಸೈಜ್ ಆಯ್ಕೆಯನ್ನು ಎಂಬಿಯಲ್ಲಿ ನೀವೇ ಬರೆಯುವುದು ಒಳ್ಳೆಯದು.

ಎಷ್ಟು ಬರೆಯಬೇಕು? ಕಂಟೈನರ್ ಮಿತಿಯ ಮುಕ್ಕಾಲು ಭಾಗದಿಂದ ಶುರುಮಾಡಿ: 512ಕ್ಕೆ 384, 1024ಕ್ಕೆ 768. ಉಳಿದ ಕಾಲು ಭಾಗ ದಂಡವಲ್ಲ. ಬಫರ್‌ಗಳು ಹೀಪ್‌ನ ಹೊರಗೆ ಕೂರುತ್ತವೆ, ಥ್ರೆಡ್‌ಗಳ ಸ್ಟ್ಯಾಕ್, ಕಂಪೈಲ್ ಆದ ಕೋಡ್, ನೇಟಿವ್ ಲೈಬ್ರರಿಗಳು ಕೂಡ ಅಲ್ಲೇ. ಚಿತ್ರ ಸಣ್ಣದು ಮಾಡುವ ಶಾರ್ಪ್‌ನಂಥ ಪ್ಯಾಕೇಜ್ ಇದ್ದರೆ, ದೊಡ್ಡ ಕಡತಗಳ ಅಪ್‌ಲೋಡ್ ಇದ್ದರೆ, ಅರ್ಧಕ್ಕೆ ಇಳಿಸಬೇಕಾದೀತು. ಪ್ರೊಸೆಸ್ ಮೆಮೊರಿ ಯೂಸೇಜ್ ಕರೆ ಕೊಡುವ ಅಂಕಿಗಳಲ್ಲಿ ಆರ್‌ಎಸ್‌ಎಸ್ (ಪ್ರೊಸೆಸ್ ಹಿಡಿದಿರುವ ಒಟ್ಟು ಮೆಮೊರಿ) ಏರುತ್ತ ಹೀಪ್ ಯೂಸ್ಡ್ ಸಮವಾಗಿದ್ದರೆ ಹುಡುಕಬೇಕಾದದ್ದು ಹೀಪ್‌ನ ಹೊರಗೆ. ಹೀಪ್ ಸ್ನ್ಯಾಪ್‌ಶಾಟ್ ತೆಗೆದು ಗಂಟೆಗಟ್ಟಲೆ ನೋಡಿದರೂ ಅಲ್ಲಿ ಏನೂ ಸಿಗುವುದಿಲ್ಲ. ವರ್ಕರ್ ಥ್ರೆಡ್ ಒಂದೊಂದಕ್ಕೂ ಪ್ರತ್ಯೇಕ ಹೀಪ್ ಇರುತ್ತದೆ ಎಂಬುದೂ ಲೆಕ್ಕದಲ್ಲಿ ಸೇರಲಿ.

137 ಎಂಬ ಒಂದೇ ಕೋಡ್ ಎರಡು ಬೇರೆ ಸಾವುಗಳಿಗೆ ಬರುವುದನ್ನು ಗಮನಿಸಿರಬಹುದು: ಗಡುವು ಮೀರಿದ್ದಕ್ಕೆ ಸಿಕ್ಕ ಸಿಗ್‌ಕಿಲ್, ಮೆಮೊರಿ ಮೀರಿದ್ದಕ್ಕೆ ಸಿಕ್ಕ ಸಿಗ್‌ಕಿಲ್. 128ಕ್ಕೆ ಸಿಗ್ನಲ್ ಸಂಖ್ಯೆ 9 ಕೂಡಿದರೆ 137, ಅಷ್ಟೇ ಅದರ ಅರ್ಥ. ಯಾವುದೆಂದು ತಿಳಿಯಲು ಡಾಕರ್ ಇನ್‌ಸ್ಪೆಕ್ಟ್‌ನಲ್ಲಿ ಊಮ್‌ಕಿಲ್ಡ್ ಎಂಬ ಸಾಲು ನೋಡಿ. ಅದು ಟ್ರೂ ಇಲ್ಲದಿದ್ದರೆ ಮೆಮೊರಿ ಏರಿಸುವ ಮೊದಲು ಸಿಗ್‌ಟರ್ಮ್ ಹ್ಯಾಂಡ್ಲರ್ ಕಡೆ ಹೋಗಿ.

ಸಿಪಿಯು: ಗ್ರಾಫ್ ಹೇಳದ ಕಥೆ

ಅರ್ಧ ಸಿಪಿಯು ಮಿತಿ ಎಂದರೆ ನಿಧಾನವಾದ ಸಿಪಿಯು ಸಿಗುತ್ತದೆ ಎಂದಲ್ಲ. ಕರ್ನಲ್ ಕಾಲವನ್ನು 100 ಮಿಲಿಸೆಕೆಂಡ್‌ಗಳ ತುಂಡುಗಳಾಗಿ ಕತ್ತರಿಸಿ, ಪ್ರತಿ ತುಂಡಿನಲ್ಲಿ 50 ಮಿಲಿಸೆಕೆಂಡ್ ಪೂರ್ಣ ವೇಗದಲ್ಲಿ ಓಡಲು ಬಿಡುತ್ತದೆ, ಪಾಲು ಮುಗಿದ ಮೇಲೆ ಇಡೀ ಪ್ರೊಸೆಸ್ಸನ್ನು ಮುಂದಿನ ತುಂಡಿನವರೆಗೆ ಕಟ್ಟಿಹಾಕುತ್ತದೆ. 80 ಮಿಲಿಸೆಕೆಂಡ್ ಲೆಕ್ಕಾಚಾರ ಬೇಡುವ ರಿಕ್ವೆಸ್ಟ್ ಆಗ 50 ಓಡಿ, 50 ಕಾದು, 30 ಓಡಿ, 130ಕ್ಕೆ ಮುಗಿಯುತ್ತದೆ. ಆ ಹೊತ್ತಿನಲ್ಲಿ ಕೆಲಸಗಳನ್ನು ಸರದಿಯಲ್ಲಿ ಓಡಿಸುವ ನೋಡ್‌ನ ಈವೆಂಟ್ ಲೂಪ್ ನಿಂತಿರುವುದರಿಂದ ಉಳಿದೆಲ್ಲ ರಿಕ್ವೆಸ್ಟ್‌ಗಳೂ ನಿಲ್ಲುತ್ತವೆ. ನಿಮಿಷದ ಸರಾಸರಿ ತೋರಿಸುವ ಗ್ರಾಫ್‌ನಲ್ಲಿ ಮಾತ್ರ ಶೇ 20 ಬಳಕೆ. ಸಿಗ್ರೂಪ್‌ನ ಸಿಪಿಯು ಸ್ಟ್ಯಾಟ್ ಕಡತದಲ್ಲಿ ಥ್ರಾಟಲ್ಡ್ ಎಣಿಕೆ ಏರುತ್ತಿದೆಯೇ ನೋಡಿ.

ನೋಡ್ ಒಂದೇ ಥ್ರೆಡ್ ಎಂಬ ಮಾತು ಇಲ್ಲಿ ದಾರಿ ತಪ್ಪಿಸುತ್ತದೆ. ನಿಮ್ಮ ಜಾವಾಸ್ಕ್ರಿಪ್ಟ್ ಓಡುವುದು ಒಂದೇ ಥ್ರೆಡ್‌ನಲ್ಲಿ, ಸರಿ. ಗಾರ್ಬೇಜ್ ಕಲೆಕ್ಷನ್‌ನ ಸಹಾಯಕ ಥ್ರೆಡ್‌ಗಳು ಬೇರೆ ಇವೆ, ಕಡತ ಓದು, ಪಾಸ್‌ವರ್ಡ್ ಹ್ಯಾಶ್, ಡಿಎನ್‌ಎಸ್ ಲುಕಪ್‌ಗೆ ನೋಡ್‌ನೊಳಗಿನ ಲಿಬ್‌ಯುವಿ ಲೈಬ್ರರಿಯ 4 ಥ್ರೆಡ್‌ಗಳು ಬೇರೆ. ಎಲ್ಲರೂ ತಿನ್ನುವುದು ಅದೇ 50 ಮಿಲಿಸೆಕೆಂಡ್‌ನಿಂದ. ಹಾಗಾಗಿ ಗ್ರಾಹಕರಿಗೆ ನೇರ ಉತ್ತರ ಕೊಡುವ ಸೇವೆಗೆ ಒಂದು ಪೂರ್ಣ ಕೋರ್‌ಗಿಂತ ಕಡಿಮೆ ಮಿತಿ ಇಡುವುದು ಸುಳ್ಳು ಉಳಿತಾಯ ಎಂಬುದು ನಮ್ಮ ಅಭಿಪ್ರಾಯ.

ಕ್ಲಸ್ಟರ್ ಮಾಡ್ಯೂಲ್ ಅಥವಾ ಪಿಎಂ2 ಬಳಸಿ ಕೋರ್‌ಗೊಂದು ಪ್ರೊಸೆಸ್ ಎಂದು ಬರೆದ ಹಳೆಯ ಕೋಡ್ ಕಂಟೈನರ್‌ಗೆ ಬಂದಾಗ 32 ಪ್ರೊಸೆಸ್‌ಗಳು ಒಂದೆರಡು ಕೋರ್‌ಗಾಗಿ ಕಿತ್ತಾಡುತ್ತವೆ, ಮೆಮೊರಿಯೂ 32 ಪಟ್ಟು. ಕಂಟೈನರ್‌ಗೊಂದೇ ಪ್ರೊಸೆಸ್ ಇಟ್ಟು, ಹೆಚ್ಚು ಬೇಕಾದಾಗ ಕಂಟೈನರ್‌ಗಳ ಸಂಖ್ಯೆ ಏರಿಸಿ.

ಉಳಿದ ಎಡವುಗಲ್ಲುಗಳು

ಲೋಕಲ್‌ಹೋಸ್ಟ್ ಎಂಬುದು ಕಂಟೈನರ್‌ನೊಳಗೆ ಕಂಟೈನರ್ ಮಾತ್ರ. ಆ್ಯಪ್ 127.0.0.1ರಲ್ಲಿ ಕಿವಿಗೊಟ್ಟು ಕೂತರೆ ಪೋರ್ಟ್ ತೆರೆದಿದ್ದರೂ ಹೊರಗಿನಿಂದ ತಲುಪಲಾಗದು, 0.0.0.0 ಬೇಕು. ಎಕ್ಸ್‌ಪ್ರೆಸ್ ಎಂಬ ವೆಬ್ ಫ್ರೇಮ್‌ವರ್ಕ್‌ನಲ್ಲಿ ಹೋಸ್ಟ್ ಹೇಳದಿದ್ದರೆ ಎಲ್ಲ ವಿಳಾಸಗಳಲ್ಲೂ ಕೇಳುತ್ತದೆ, ಫಾಸ್ಟಿಫೈ ಹಾಗಲ್ಲ, ಅಲ್ಲಿ ಬಾಯಿಬಿಟ್ಟು ಹೇಳಬೇಕು. ಅದೇ ರೀತಿ ಪೋಸ್ಟ್‌ಗ್ರೆಸ್ ಪಕ್ಕದ ಕಂಟೈನರ್‌ನಲ್ಲಿದ್ದರೆ ವಿಳಾಸ ಲೋಕಲ್‌ಹೋಸ್ಟ್ ಅಲ್ಲ, ಕಂಪೋಸ್ ಕಡತದಲ್ಲಿ ಆ ಸೇವೆಗಿಟ್ಟ ಹೆಸರು. ಹೆಲ್ತ್‌ಚೆಕ್‌ನಲ್ಲೂ ಎಚ್ಚರ: ನೋಡ್ 17ರಿಂದೀಚೆಗೆ ಲೋಕಲ್‌ಹೋಸ್ಟ್ ಎಂದರೆ ಐಪಿವಿ6 ವಿಳಾಸ ಮೊದಲು ಬರಬಹುದು, ಆ್ಯಪ್ ಐಪಿವಿ4ರಲ್ಲಿ ಮಾತ್ರ ಇದ್ದರೆ ಚೆಕ್ ಸೋಲುತ್ತದೆ. 127.0.0.1 ಎಂದೇ ಬರೆಯಿರಿ. ಸ್ಲಿಮ್ ಇಮೇಜ್‌ನಲ್ಲಿ ಕರ್ಲ್ ಇರುವುದಿಲ್ಲ, ಆದರೆ ನೋಡ್ 18ರಿಂದ ಫೆಚ್ ಒಳಗೇ ಇರುವುದರಿಂದ ಒಂದು ಸಾಲಿನ ನೋಡ್ ಸ್ಕ್ರಿಪ್ಟ್ ಸಾಕು.

ಆ್ಯಪ್ ಬದುಕಿದೆಯೇ ಎಂದು ಕುಬರ್ನೆಟಿಸ್ ನೋಡುವ ಲೈವ್‌ನೆಸ್ ಪ್ರೋಬ್‌ನಲ್ಲಿ ಡೇಟಾಬೇಸ್ ಮುಟ್ಟಬೇಡಿ. ಡೇಟಾಬೇಸ್ ಹತ್ತು ಸೆಕೆಂಡ್ ತಡವರಿಸಿದರೆ ಕುಬರ್ನೆಟಿಸ್ ಎಲ್ಲ ಪಾಡ್‌ಗಳನ್ನೂ ಒಟ್ಟಿಗೆ ಕೊಂದು ಏಳಿಸುತ್ತದೆ, ಎದ್ದವೆಲ್ಲ ಒಮ್ಮೆಗೇ ಸಂಪರ್ಕ ಕೇಳಿ ಡೇಟಾಬೇಸನ್ನು ಮತ್ತೆ ಕೆಡವುತ್ತವೆ. ಆ ಪರೀಕ್ಷೆಯ ಜಾಗ ಟ್ರಾಫಿಕ್‌ಗೆ ಸಿದ್ಧವೇ ಎಂದು ನೋಡುವ ರೆಡಿನೆಸ್ ಪ್ರೋಬ್. ಪ್ರೋಬ್‌ನ ಗಡುವು ಹೇಳದಿದ್ದರೆ 1 ಸೆಕೆಂಡ್ ಎಂಬುದೂ ಗೊತ್ತಿರಲಿ; ಸಿಪಿಯು ಕಟ್ಟಿಹಾಕಿಸಿಕೊಂಡ ನೋಡ್ ಅದನ್ನು ಸಲೀಸಾಗಿ ಮೀರುತ್ತದೆ.

ಅಧಿಕೃತ ಇಮೇಜ್‌ನಲ್ಲಿ ನೋಡ್ ಎಂಬ ಬಳಕೆದಾರ 1000ದ ಸಂಖ್ಯೆಯಲ್ಲಿ ಸಿದ್ಧವಿರುತ್ತಾನೆ, ರೂಟ್ ಆಗಿ ಓಡಿಸಬೇಕಿಲ್ಲ. ಡಾಕರ್‌ಫೈಲ್‌ನಲ್ಲಿ ಹೆಸರಿನ ಬದಲು 1000 ಎಂದು ಸಂಖ್ಯೆಯನ್ನೇ ಬರೆಯಿರಿ; ರನ್-ಆ್ಯಸ್-ನಾನ್-ರೂಟ್ ಕಡ್ಡಾಯ ಮಾಡಿದ ಕ್ಲಸ್ಟರ್ ಹೆಸರನ್ನು ನೋಡಿ ಅದು ರೂಟ್ ಅಲ್ಲವೆಂದು ಖಚಿತಪಡಿಸಿಕೊಳ್ಳಲಾಗದೆ ಪಾಡ್ ಏಳಲು ಬಿಡುವುದಿಲ್ಲ. ಲಾಗ್‌ಗಳನ್ನು ಕಡತಕ್ಕಲ್ಲ, ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆಯಿರಿ, ಮತ್ತು ಡಾಕರ್‌ನ ಜೆಸಾನ್-ಫೈಲ್ ಡ್ರೈವರ್ ಬಳಸುತ್ತಿದ್ದರೆ ಗರಿಷ್ಠ ಗಾತ್ರ ಹೇಳಿ. ಹೇಳದಿದ್ದರೆ ಅದಕ್ಕೆ ಮಿತಿಯೇ ಇಲ್ಲ, ಡಿಸ್ಕ್ ತುಂಬುವವರೆಗೂ ಬರೆಯುತ್ತಲೇ ಹೋಗುತ್ತದೆ.

ಕಂಟೈನರ್‌ನ ಗಡಿಯಾರ ಯುಟಿಸಿ. ರಾತ್ರಿ 12ಕ್ಕೆಂದು ಇಟ್ಟ ಕ್ರಾನ್ ಕೆಲಸ ನಮ್ಮ ಬೆಳಿಗ್ಗೆ 5:30ಕ್ಕೆ ಓಡುತ್ತದೆ, ದಿನದ ವಹಿವಾಟಿನ ವರದಿಯ ಗಡಿಯೂ ಅಷ್ಟೇ ಜರುಗುತ್ತದೆ. ಟಿಝಡ್ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ ಏಷ್ಯಾ/ಕೋಲ್ಕತಾ ಕೊಟ್ಟರೆ ನೋಡ್ ಒಪ್ಪಿಕೊಳ್ಳುತ್ತದೆ. ಡೇಟಾಬೇಸ್‌ನಲ್ಲಿ ಸಮಯ ಯುಟಿಸಿಯಲ್ಲೇ ಇರಲಿ. ಕನ್ನಡದಲ್ಲಿ ದಿನಾಂಕ ತೋರಿಸುವ ಆ್ಯಪ್‌ಗಳಿಗೆ ಇನ್ನೊಂದು ಮಾತು. ನೋಡ್ 13ರಿಂದ ಎಲ್ಲ ಭಾಷೆಗಳ ಐಸಿಯು (ದಿನಾಂಕ, ಸಂಖ್ಯೆಗಳನ್ನು ಆಯಾ ಭಾಷೆಯಲ್ಲಿ ತೋರಿಸುವ ಲೈಬ್ರರಿ) ದತ್ತಾಂಶ ಅಧಿಕೃತ ಇಮೇಜ್‌ಗಳೊಳಗೇ ಇರುವುದರಿಂದ ತಿಂಗಳು, ವಾರದ ಹೆಸರು ಕನ್ನಡದಲ್ಲೇ ಬರುತ್ತವೆ. ಬರಿಯ ಆಲ್ಪೈನ್ ಇಮೇಜ್ ತೆಗೆದುಕೊಂಡು ಅದರ ಪ್ಯಾಕೇಜ್ ಮ್ಯಾನೇಜರ್ ಎಪಿಕೆಯಿಂದ ನೋಡ್ ಹಾಕಿಕೊಂಡರೆ ಬರುವ ಐಸಿಯು ಇಂಗ್ಲಿಷ್‌ದು ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ‘ಜನವರಿ’ ಎಂದಿದ್ದದ್ದು ಸರ್ವರ್‌ನಲ್ಲಿ ಯಾವ ದೋಷವನ್ನೂ ತೋರಿಸದೆ ಇಂಗ್ಲಿಷ್‌ಗೆ ತಿರುಗುತ್ತದೆ. ಐಸಿಯು-ಡೇಟಾ-ಫುಲ್ ಎಂಬ ಪ್ಯಾಕೇಜ್ ಸೇರಿಸಿದರೆ ಸರಿಹೋಗುತ್ತದೆ.